ಐದು ನಿಮಿಷದ ಕಾನೂನು, ನಲವತ್ತು ನಿಮಿಷ ನಿಂತ ಗೂಡ್ಸ್ ರೈಲು

ಪ್ರಶ್ನೆ: ನಾವು ಆರು ವರ್ಷದಿಂದ ಅಮೆರಿಕದ ಒಹಾಯೊ ರಾಜ್ಯದ ಚಿಕ್ಕ ಊರೊಂದರಲ್ಲಿದ್ದೇವೆ. ಮನೆ ಹಳಿಯ ಈಚೆ, ಮಗಳ ಶಾಲೆ, ಆಸ್ಪತ್ರೆ ಎಲ್ಲ ಆಚೆ. ಕಳೆದ ತಿಂಗಳು ಹಾಸನದಿಂದ ಬಂದಿದ್ದ ನಮ್ಮ ತಂದೆಗೆ ರಾತ್ರಿ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಕರೆದರೆ ಕ್ರಾಸಿಂಗ್ ಮೇಲೆ ಗೂಡ್ಸ್ ರೈಲು ನಿಂತುಬಿಟ್ಟಿತ್ತು. ನಲವತ್ತು ನಿಮಿಷ ಕದಲಲಿಲ್ಲ. ಆಂಬುಲೆನ್ಸ್ ಊರು ಸುತ್ತಿಕೊಂಡು ಬಂತು. ದೇವರ ದಯೆ, ಈಗ ಚೆನ್ನಾಗಿದ್ದಾರೆ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ರೈಲು ರಸ್ತೆ ತಡೆಯಬಾರದೆಂದು ರಾಜ್ಯದ ಕಾನೂನೇ ಇದೆಯೆಂದು ಆಮೇಲೆ ಗೊತ್ತಾಯಿತು. ಪೊಲೀಸರನ್ನು ಕೇಳಿದೆವು. ‘ಕಾನೂನು ಇದೆ, ಆದರೆ ನಾವು ಏನೂ ಮಾಡುವ ಹಾಗಿಲ್ಲ’ ಎಂದರು. ಇದು ಹೇಗೆ ಸಾಧ್ಯ? ಇನ್ನೊಂದು ವಿಷಯ. ಊರಾಚೆ ಹೊಲಗಳ ನಡುವೆ ಒಂದು ಕ್ರಾಸಿಂಗಿದೆ, ಅಲ್ಲಿ ಗೇಟೂ ಇಲ್ಲ, ದೀಪವೂ ಇಲ್ಲ, ಬರೀ ಕತ್ತರಿಯಾಕಾರದ ಬೋರ್ಡು. ಹೀಗೆ ಬಿಡುವುದು ಕಾನೂನುಬದ್ಧವೇ? ರಾತ್ರಿ ರೈಲಿನ ಹಾರ್ನ್ ನಿಲ್ಲಿಸಬೇಕೆಂದು ಬೀದಿಯವರು ಅರ್ಜಿಗೆ ಸಹಿ ಹಾಕಿಸುತ್ತಿದ್ದಾರೆ. ಹಾಕಲೇ?

ಉತ್ತರ: ನಿಮ್ಮ ತಂದೆಯವರು ಚೇತರಿಸಿಕೊಂಡರೆಂದು ಓದಿ ಸಮಾಧಾನವಾಯಿತು. ಎದೆನೋವಿನ ರಾತ್ರಿ ನಲವತ್ತು ನಿಮಿಷ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರಸ್ತೆ ಎಂಜಿನಿಯರಾಗಿ ಇಂಥ ಕ್ರಾಸಿಂಗ್‌ಗಳ ಸ್ಥಳ ಪರಿಶೀಲನೆಗೆ ಹೋದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ: ಆಂಬುಲೆನ್ಸ್ ಮತ್ತು ಫೈರ್ ಎಂಜಿನ್ ನಿಲ್ಲುವುದು ಹಳಿಯ ಯಾವ ಕಡೆ? ನಿಮ್ಮೂರಿನ ಉತ್ತರ ನಿಮಗೆ ಆ ರಾತ್ರಿಯೇ ಸಿಕ್ಕಿದೆ.

ಪೊಲೀಸರು ನಿಮಗೆ ಸುಳ್ಳು ಹೇಳಿಲ್ಲ. ಒಹಾಯೊದಲ್ಲಿ ಐದು ನಿಮಿಷದ ಕಾನೂನು ಹತ್ತೊಂಬತ್ತನೇ ಶತಮಾನದ ನಡುವಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ನಿಲ್ಲದೆ ಸಾಗುತ್ತಿರುವ ರೈಲಿಗೆ, ಕಂಪನಿಯ ಕೈಮೀರಿದ ಕಾರಣಗಳಿಗೆ ಅದರಲ್ಲಿ ವಿನಾಯಿತಿ ಇದೆ. ಮಿಕ್ಕಂತೆ ಐದು ನಿಮಿಷ ಮೀರಿದರೆ ಸಾವಿರ ಡಾಲರ್ ದಂಡ. 2018ರಲ್ಲಿ ಯೂನಿಯನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಸಿಎಸ್‌ಎಕ್ಸ್ ಎಂಬ ರೈಲು ಕಂಪನಿಯ ಮೇಲೆ ಇದೇ ಕಾನೂನಿನಡಿ ಐದು ಪ್ರಕರಣ ದಾಖಲಾದವು. ಕೆಳ ಕೋರ್ಟು ಅವನ್ನು ವಜಾ ಮಾಡಿತು, ಮೇಲ್ಮನವಿ ಕೋರ್ಟು ಆ ಆದೇಶವನ್ನು ತಿರುಗಿಸಿತು, ಕೊನೆಗೆ 2022ರ ಆಗಸ್ಟ್‌ನಲ್ಲಿ ಒಹಾಯೊ ಸುಪ್ರೀಂ ಕೋರ್ಟೇ ತನ್ನ ರಾಜ್ಯದ ಕಾನೂನು ರೈಲಿನ ಮೇಲೆ ನಡೆಯದು ಎಂದಿತು. ನ್ಯಾಯಮೂರ್ತಿಗಳು ಕಾರಣದಲ್ಲಿ ಒಮ್ಮತಕ್ಕೆ ಬರಲಿಲ್ಲ, ಆದರೆ ಕಾನೂನು ಉಳಿಯಲಿಲ್ಲ. ರಾಜ್ಯ ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಬೇರೆ ಹಲವು ರಾಜ್ಯಗಳೂ ಬೆಂಬಲಕ್ಕೆ ನಿಂತವು. 2024ರ ಜನವರಿಯಲ್ಲಿ ಆ ಕೋರ್ಟು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಪುಸ್ತಕದಲ್ಲಿ ಅಕ್ಷರ ಹಾಗೇ ಇದೆ, ಪೊಲೀಸರು ದಂಡದ ಚೀಟಿ ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಒಹಾಯೊ ಒಂದೇ ಅಲ್ಲ. ಇಂಡಿಯಾನದ ಇಂಥದೇ ಕಾನೂನು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಟೆಕ್ಸಾಸ್‌ನದು 2001ರಲ್ಲೇ ಬಿದ್ದಿತ್ತು. ಕ್ಯಾಲಿಫೋರ್ನಿಯಾದ ಹತ್ತು ನಿಮಿಷದ ನಿಯಮ 2012ರಲ್ಲಿ ಸೋತಿತು. ಒಕ್ಲಹೋಮ 2019ರಲ್ಲಿ ಹತ್ತು ನಿಮಿಷದ ಹೊಸ ಕಾನೂನನ್ನೇ ಮಾಡಿ ನೋಡಿತು, 2022ರಲ್ಲಿ ಫೆಡರಲ್, ಎಂದರೆ ಕೇಂದ್ರದ, ಮೇಲ್ಮನವಿ ಕೋರ್ಟು ಅದನ್ನೂ ತಳ್ಳಿಹಾಕಿತು.

ಕಾರಣ ಎರಡು ಫೆಡರಲ್ ಕಾಯ್ದೆಗಳಲ್ಲಿದೆ. 1970ರ ರೈಲು ಸುರಕ್ಷತಾ ಕಾಯ್ದೆಯ ಪ್ರಕಾರ, ಯಾವ ವಿಷಯದಲ್ಲಿ ಕೇಂದ್ರ ನಿಯಮ ಮಾಡಿದೆಯೋ ಆ ವಿಷಯದಲ್ಲಿ ರಾಜ್ಯ ಕೈಹಾಕುವ ಹಾಗಿಲ್ಲ. ತೀರಾ ಸ್ಥಳೀಯವಾದ ಅಪಾಯವೊಂದಿದ್ದರೆ ಮಾತ್ರ ಸಣ್ಣ ಕಿಂಡಿ ತೆರೆದಿಟ್ಟಿದೆ. 1995ರ ಇನ್ನೊಂದು ಕಾಯ್ದೆ ಹಳೆಯ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ಮುಚ್ಚಿ, ರೈಲು ಸಾಗಾಟದ ಮೇಲಿನ ಅಧಿಕಾರವನ್ನೆಲ್ಲ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಒಂದೇ ಸಂಸ್ಥೆಗೆ ಕೊಟ್ಟಿತು. ಕೋರ್ಟುಗಳ ತರ್ಕ ಹೀಗೆ: ಐದು ನಿಮಿಷದ ಮಿತಿ ಪಾಲಿಸಬೇಕೆಂದರೆ ಕಂಪನಿ ರೈಲಿನ ಉದ್ದ ಕಡಿಮೆ ಮಾಡಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು, ಇಲ್ಲವೇ ರೈಲನ್ನು ನಡುವೆ ತುಂಡರಿಸಿ ರಸ್ತೆ ಬಿಡಬೇಕು. ತುಂಡರಿಸಿ ಮತ್ತೆ ಕೂಡಿಸಿದರೆ ಬ್ರೇಕ್ ಪರೀಕ್ಷೆ ಮಾಡಬೇಕು. ಆ ಪರೀಕ್ಷೆ, ಆ ವೇಗ ಎಲ್ಲವೂ ಕೇಂದ್ರದ ನಿಯಮದಡಿ ಬರುವಂಥವು. ಹಾಗಾಗಿ ರಾಜ್ಯ ರಸ್ತೆಯ ಬಗ್ಗೆ ಮಾತಾಡುತ್ತಿದ್ದೇನೆ ಎಂದುಕೊಂಡು ನಿಜದಲ್ಲಿ ರೈಲು ಓಡಿಸುವುದರ ಬಗ್ಗೆ ಆಜ್ಞೆ ಮಾಡುತ್ತಿದೆ, ಅದು ಸಲ್ಲದು ಎಂಬುದು ಅವರ ವಾದ.

ತರ್ಕ ಅರ್ಥವಾಗುತ್ತದೆ. ನಾನು ಒಪ್ಪಲಾರದ್ದು ಅದರಿಂದ ಹುಟ್ಟಿದ ಸ್ಥಿತಿಯನ್ನು. ರಾಜ್ಯದ ಮಿತಿಯನ್ನು ತೆಗೆದುಹಾಕಿದ ಮೇಲೆ ಆ ಜಾಗದಲ್ಲಿ ಕೇಂದ್ರದ ಮಿತಿ ಇರಬೇಕಿತ್ತಲ್ಲ? ಇಲ್ಲ. ರೈಲು ಎಷ್ಟು ನಿಮಿಷ ಕ್ರಾಸಿಂಗ್ ತಡೆಯಬಹುದೆಂದು ಹೇಳುವ ಫೆಡರಲ್ ನಿಯಮ ಇವತ್ತಿಗೂ ಇಲ್ಲ. ಹೊಲಕ್ಕೆ ಬೇಲಿ ಹಾಕಬೇಡ ಅಂದವರು ತಾವೂ ಹಾಕಲಿಲ್ಲ. ಇದನ್ನು ಸರಿಪಡಿಸಬಲ್ಲದ್ದು ಅಮೆರಿಕದ ಕಾಂಗ್ರೆಸ್ ಒಂದೇ. ನಿಮ್ಮೂರಿನ ಮೇಯರ್ ಹತ್ತಿರ ಜಗಳವಾಡಿ ಈ ಒಂದು ವಿಷಯದಲ್ಲಿ ಪ್ರಯೋಜನವಿಲ್ಲ.

ರೈಲು ನಡುರಸ್ತೆಯಲ್ಲಿ ನಿಲ್ಲುವುದಾದರೂ ಏಕೆ ಎಂದು ಕೇಳಬಹುದು. ಮುಂದಿನ ಯಾರ್ಡಿನಲ್ಲಿ ಜಾಗವಿರುವುದಿಲ್ಲ, ಅಥವಾ ಎದುರಿನಿಂದ ಇನ್ನೊಂದು ರೈಲು ಬರಬೇಕಿರುತ್ತದೆ. ಪಕ್ಕಕ್ಕೆ ಸರಿದು ನಿಲ್ಲುವ ಸೈಡಿಂಗ್ ಹಳೆಯ ಕಾಲದ ಅಳತೆಯದು, ಈಗಿನ ಗೂಡ್ಸ್ ರೈಲು ಎರಡು ಮೈಲಿ ಉದ್ದವೂ ಇರುತ್ತದೆ, ಬಾಲ ಊರೊಳಗೇ ಉಳಿಯುತ್ತದೆ. ಕೆಲವೊಮ್ಮೆ ಸಿಬ್ಬಂದಿಯ ಕೆಲಸದ ಹೊತ್ತು ಮುಗಿಯುತ್ತದೆ. ಹನ್ನೆರಡು ಗಂಟೆ ದಾಟಿ ರೈಲು ಓಡಿಸಬಾರದೆಂಬುದು ಫೆಡರಲ್ ಕಾನೂನು, ಅದು ಒಳ್ಳೆಯ ಕಾನೂನೇ. ಬದಲಿ ಸಿಬ್ಬಂದಿ ವ್ಯಾನಿನಲ್ಲಿ ಬರುವ ತನಕ ರೈಲು ಅಲ್ಲೇ.

ಇಷ್ಟು ಓದಿ ರಾಜ್ಯಕ್ಕೆ ಕ್ರಾಸಿಂಗ್ ಮೇಲೆ ಅಧಿಕಾರವೇ ಇಲ್ಲವೆಂದು ತಿಳಿದುಕೊಳ್ಳಬೇಡಿ. ನಿಮ್ಮ ಪಕ್ಕದ ಮಿಶಿಗನ್‌ನ ಎರಡು ಊರುಗಳ ಕಥೆ ಕೇಳಿ. ಎರಡನ್ನೂ ತೀರ್ಮಾನಿಸಿದ್ದು ಒಂದೇ ಕೋರ್ಟು, ಆರನೇ ಫೆಡರಲ್ ಮೇಲ್ಮನವಿ ಕೋರ್ಟು. ಒಹಾಯೊ ಕೂಡ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಪ್ಲಿಮತ್ ಎಂಬ ಊರು ರಸ್ತೆ ತಡೆದ ರೈಲಿಗೆ ದಂಡ ಹಾಕಹೊರಟಿತು. 1996ರಲ್ಲಿ ಊರಿನ ನಿಯಮ, 2002ರಲ್ಲಿ ರಾಜ್ಯದ ಕಾನೂನು, ಎರಡನ್ನೂ ಕೋರ್ಟು ಒಪ್ಪಲಿಲ್ಲ. ಬ್ಲಿಸ್‌ಫೀಲ್ಡ್ ಎಂಬ ಹಳ್ಳಿ ಬೇರೆ ದಾರಿ ಹಿಡಿದಿತ್ತು. ಹಳಿ ದಾಟುವ ಕಾಲುದಾರಿಯ ಖರ್ಚನ್ನು ರಾಜ್ಯದ ಕಾನೂನಿನ ಪ್ರಕಾರ ರೈಲು ಕಂಪನಿಯೇ ಕೊಡಬೇಕೆಂದಿತು. ಕಂಪನಿ 1995ರ ಕಾಯ್ದೆಯನ್ನೇ ಗುರಾಣಿ ಮಾಡಿಕೊಂಡಿತು. 2008ರಲ್ಲಿ ಕೋರ್ಟು ಹಳ್ಳಿಯ ಪರ ತೀರ್ಪು ಕೊಟ್ಟಿತು. ಜನರ ಸುರಕ್ಷತೆಗಾಗಿ, ಎಲ್ಲರಿಗೂ ಸಮಾನವಾಗಿ, ರೈಲು ಸಾಗಾಟಕ್ಕೆ ವಿಪರೀತ ಹೊರೆಯಾಗದಂತೆ ರಾಜ್ಯ ಇಂಥ ನಿಯಮ ಮಾಡಬಹುದು ಎಂದಿತು.

ಪ್ಲಿಮತ್ ಮುಟ್ಟಿದ್ದು ರೈಲನ್ನು. ಬ್ಲಿಸ್‌ಫೀಲ್ಡ್ ಮುಟ್ಟಿದ್ದು ಹಳಿಯ ಮೇಲೆ ಹಾಯುವ ದಾರಿಯನ್ನು. ನಿಮ್ಮ ಮಿಕ್ಕ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಈ ಗೆರೆಯನ್ನು ನೆನಪಿಡಿ. ರೈಲು ಯಾವಾಗ ಬರಬೇಕು, ಎಷ್ಟು ವೇಗ, ಎಷ್ಟು ಉದ್ದ, ಎಲ್ಲಿ ನಿಲ್ಲಬೇಕು ಎಂಬುದು ರಾಜ್ಯದ ಕೈಯಲ್ಲಿಲ್ಲ. ಎಲ್ಲಿ ರಸ್ತೆ ಹಳಿ ದಾಟಬೇಕು, ಅಲ್ಲಿ ಗೇಟು ಬೇಕೇ, ದೀಪ ಸಾಕೇ, ಸೇತುವೆ ಕಟ್ಟಬೇಕೇ, ಯಾವ ಕ್ರಾಸಿಂಗ್ ಮುಚ್ಚಬೇಕು, ರಸ್ತೆಯಲ್ಲಿ ಬರುವವನು ಹೇಗೆ ನಡೆದುಕೊಳ್ಳಬೇಕು ಎಂಬುದರಲ್ಲಿ ಬಹುಪಾಲು ರಾಜ್ಯದ್ದೇ ಮಾತು. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಅನುಮತಿ ಇಲ್ಲದೆ ಹೊಸ ರಸ್ತೆ ಹಳಿಯನ್ನು ದಾಟುವಂತಿಲ್ಲ. ಇಲಿನಾಯ್‌ನಲ್ಲಿ ಕಾಮರ್ಸ್ ಕಮಿಷನ್ ಈ ಕೆಲಸ ನೋಡುತ್ತದೆ. ಒಹಾಯೊದಲ್ಲಿ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಗೇಟು, ದೀಪಗಳ ಆದೇಶ ಹೊರಡಿಸುತ್ತದೆ, ರೈಲ್ ಡೆವಲಪ್‌ಮೆಂಟ್ ಕಮಿಷನ್ ಹಣದ ಏರ್ಪಾಡು ನೋಡುತ್ತದೆ. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ನಿಮ್ಮ ಅರ್ಜಿ ತಲುಪಬೇಕಾದದ್ದು ಪೊಲೀಸ್ ಠಾಣೆಗಲ್ಲ, ಇಲ್ಲಿಗೆ.

ಈಗ ಹೊಲಗಳ ನಡುವಿನ ಆ ಕ್ರಾಸಿಂಗ್. ನಿಮ್ಮ ಪತ್ರದಲ್ಲಿ ಅದು ಎರಡನೆಯದಾಗಿ ಬಂದಿದೆ, ನನಗೆ ಹೆಚ್ಚು ಭಯ ಅದರದ್ದೇ.

ಹೌದು, ಅದು ಕಾನೂನುಬದ್ಧ. ಅಮೆರಿಕದಲ್ಲಿ ಸಾರ್ವಜನಿಕ, ಖಾಸಗಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಕ್ರಾಸಿಂಗ್‌ಗಳಿವೆ. ಸಾರ್ವಜನಿಕ ರಸ್ತೆಗಳಲ್ಲೇ ಹತ್ತಾರು ಸಾವಿರಕ್ಕೆ ಗೇಟೂ ಇಲ್ಲ, ದೀಪವೂ ಇಲ್ಲ. ಆ ಕತ್ತರಿ ಬೋರ್ಡಿಗೆ ಕ್ರಾಸ್‌ಬಕ್ ಎನ್ನುತ್ತಾರೆ. ಅದರ ಅರ್ಥ ‘ಇಲ್ಲಿ ಹಳಿ ಇದೆ’ ಎಂದಷ್ಟೇ ಅಲ್ಲ, ‘ರೈಲಿಗೆ ದಾರಿ ಬಿಡು’ ಎಂದು. ಬಹಳ ಜನರಿಗೆ ಇದು ಗೊತ್ತಿಲ್ಲದ್ದರಿಂದಲೇ ಈಗ ಅದೇ ಕಂಬದಲ್ಲಿ ‘ಯೀಲ್ಡ್’ ಅಥವಾ ‘ಸ್ಟಾಪ್’ ಬೋರ್ಡನ್ನೂ ಹಾಕಬೇಕೆಂಬ ನಿಯಮ ಬಂದಿದೆ. ನಿಮ್ಮೂರಿನದರಲ್ಲಿ ಆ ಎರಡನೇ ಬೋರ್ಡು ಇಲ್ಲದಿದ್ದರೆ ನಾಳೆಯೇ ರಸ್ತೆ ಇಲಾಖೆಗೆ ತಿಳಿಸಿ.

ಭಾರತದ ನಮ್ಮ ಊರುಗಳಲ್ಲಿ ನಾವು ಕಂಡದ್ದು ಬೇರೆ. ಗೇಟ್‌ಮನ್ ಗೇಟು ಹಾಕುತ್ತಾನೆ, ಬಸ್ಸು, ಲಾರಿ, ಎತ್ತಿನ ಗಾಡಿ ಸಾಲಾಗಿ ನಿಲ್ಲುತ್ತವೆ, ಕಡಲೆಕಾಯಿ ಮಾರುವವನು ಕಿಟಕಿಗೆ ಬರುತ್ತಾನೆ. ಭಾರತದಲ್ಲಿ ರೈಲ್ವೆ ಕೇಂದ್ರದ ವಿಷಯ, ಹಳಿಗಳೂ ಹೆಚ್ಚುಕಡಿಮೆ ಒಂದೇ ಇಲಾಖೆಯವು. ಹಾಗಾಗಿ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು ತೆಗೆಯಬೇಕೆಂದು ತೀರ್ಮಾನಿಸಿ, 2019ರ ಜನವರಿ ಹೊತ್ತಿಗೆ ಆ ಕೆಲಸ ಮುಗಿಸಿದರು. ಅಮೆರಿಕದಲ್ಲಿ ಆರು ದೊಡ್ಡ ಕಂಪನಿಗಳು, ಸುಮಾರು ಆರುನೂರು ಸಣ್ಣ ಕಂಪನಿಗಳು, ಐವತ್ತು ರಾಜ್ಯ, ರಸ್ತೆಗೆ ಕೌಂಟಿ ಬೇರೆ, ಟೌನ್‌ಶಿಪ್ ಬೇರೆ. ಒಂದು ಆದೇಶದಲ್ಲಿ ಆಗುವ ಕೆಲಸವಲ್ಲ.

ಕಾವಲಿಲ್ಲದ ಕಡೆ ಎಚ್ಚರದ ಹೊಣೆ ಯಾರದು? ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲಿ ಒಹಾಯೊದ್ದೇ ಒಂದು ಪ್ರಕರಣದಲ್ಲಿ ಕಟುವಾದ ಉತ್ತರ ಕೊಟ್ಟಿತ್ತು. ಲಾರಿ ಓಡಿಸುತ್ತಿದ್ದವನು ರೈಲಿಗೆ ಸಿಕ್ಕಿ ಸತ್ತಿದ್ದ. ನ್ಯಾಯಮೂರ್ತಿ ಹೋಮ್ಸ್ ಹೇಳಿದ್ದರ ತಾತ್ಪರ್ಯ: ರೈಲು ಬರುತ್ತಿದೆಯೋ ಇಲ್ಲವೋ ಖಚಿತವಿಲ್ಲದಿದ್ದರೆ ಚಾಲಕ ನಿಲ್ಲಬೇಕು, ಬೇಕಾದರೆ ಗಾಡಿಯಿಂದ ಇಳಿದು ಹೋಗಿ ನೋಡಬೇಕು. ಏಳು ವರ್ಷಕ್ಕೆ, 1934ರಲ್ಲಿ, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನ ಪ್ರಕರಣದಲ್ಲಿ ನ್ಯಾಯಮೂರ್ತಿ ಕಾರ್ಡೊಜೊ ಇದನ್ನು ತಿದ್ದಿದರು. ಇಳಿದು ನೋಡಿ ಮತ್ತೆ ಹತ್ತಿ ಗಾಡಿ ಹೊರಡಿಸುವಷ್ಟರಲ್ಲಿ ರೈಲು ಬಂದೇ ಬಿಡಬಹುದು, ಎಲ್ಲ ಸಂದರ್ಭಕ್ಕೂ ಒಂದೇ ಸೂತ್ರ ಹಾಕಬೇಡಿ, ಆ ಜಾಗದಲ್ಲಿ ವಿವೇಕಿ ಏನು ಮಾಡುತ್ತಿದ್ದ ಎಂದು ಜ್ಯೂರಿ ತೀರ್ಮಾನಿಸಲಿ ಎಂದರು. ನನಗೆ ಕುತೂಹಲದ ಸಂಗತಿ ಎಂದರೆ ಹೋಮ್ಸ್ ಹೇಳಿದ್ದೇ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮಿನಲ್ಲಿ ಶಾಸನವಾಗಿ ಕೂತಿದೆ. ಕಾವಲಿಲ್ಲದ ಕ್ರಾಸಿಂಗಿನಲ್ಲಿ ವಾಹನ ನಿಲ್ಲಿಸಿ, ಕಂಡಕ್ಟರೋ ಕ್ಲೀನರೋ ನಡೆದು ಹೋಗಿ ಎರಡೂ ಕಡೆ ನೋಡಿ ಗಾಡಿಯನ್ನು ದಾಟಿಸಬೇಕು, ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು.

ಒಹಾಯೊ ಸೇರಿ ಬಹುತೇಕ ರಾಜ್ಯಗಳ ಇಂದಿನ ಕಾನೂನು ಇಷ್ಟು ಕೇಳುವುದಿಲ್ಲ. ದೀಪ ಮಿನುಗುತ್ತಿದ್ದರೆ, ಗೇಟು ಬಿದ್ದಿದ್ದರೆ, ಅಥವಾ ರೈಲು ಹತ್ತಿರ ಕಾಣುತ್ತಿದ್ದರೆ ಮೊದಲ ಹಳಿಯಿಂದ 15 ಅಡಿಗಿಂತ ಹತ್ತಿರವಲ್ಲದಂತೆ, 50 ಅಡಿಯೊಳಗೆ ನಿಲ್ಲಬೇಕು. ಆಚೆ ಬದಿಯಲ್ಲಿ ನಿಮ್ಮ ಕಾರು ಪೂರ್ತಿ ಹಿಡಿಯುವಷ್ಟು ಜಾಗ ಕಾಣದಿದ್ದರೆ ಹಳಿಯ ಮೇಲೆ ಹೋಗಲೇಬಾರದು. ಈ ಎರಡನೆಯದನ್ನು ಜನ ದಿನವೂ ಮುರಿಯುತ್ತಾರೆ. ಗೇಟು, ದೀಪವಿರುವ ಕಡೆ ರೈಲು ಬರುವ ಕನಿಷ್ಠ 20 ಸೆಕೆಂಡು ಮೊದಲು ಎಚ್ಚರಿಕೆ ಶುರುವಾಗಬೇಕೆಂಬುದು ಫೆಡರಲ್ ನಿಯಮ. ಇಪ್ಪತ್ತೇ ಸೆಕೆಂಡು. ಗಂಟೆಗೆ 55 ಮೈಲಿ ವೇಗದ ಗೂಡ್ಸ್ ರೈಲು ನಿಲ್ಲಲು ಒಂದು ಮೈಲಿಯಾದರೂ ಬೇಕು.

ಶಾಲಾ ಬಸ್ಸು ಹಳಿಯ ಮುಂದೆ ಪೂರ್ತಿ ನಿಂತು, ಬಾಗಿಲು ತೆರೆದು, ಕಿವಿಗೊಟ್ಟು ಆಮೇಲೆ ಹೋಗುವುದನ್ನು ನಿಮ್ಮ ಮಗಳು ದಿನವೂ ನೋಡುತ್ತಿರಬಹುದು. 1938ರ ಡಿಸೆಂಬರ್ 1ರಂದು ಯೂಟಾದ ಸೌತ್ ಜೋರ್ಡನ್‌ನಲ್ಲಿ ಹಿಮದ ಬಿರುಗಾಳಿಯ ನಡುವೆ ಶಾಲಾ ಬಸ್ಸೊಂದು ರೈಲಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಈ ಪದ್ಧತಿ ರಾಜ್ಯದಿಂದ ರಾಜ್ಯಕ್ಕೆ ಕಾನೂನಾಗಿ ಹಬ್ಬಿದ್ದರ ಹಿಂದೆ ಆ ದಿನವಿದೆ. 1995ರ ಅಕ್ಟೋಬರ್ 25ರಂದು ಇಲಿನಾಯ್‌ನ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಬಸ್ಸು ಹಳಿ ದಾಟಿ ಕೆಂಪು ದೀಪಕ್ಕೆ ನಿಂತಿತ್ತು, ಅದರ ಹಿಂಬದಿ ಹಳಿಯ ಮೇಲೇ ಇತ್ತು. ಏಳು ವಿದ್ಯಾರ್ಥಿಗಳು ತೀರಿಕೊಂಡರು. ರಸ್ತೆಯ ಸಿಗ್ನಲ್ಲಿಗೂ ರೈಲಿನ ಸಿಗ್ನಲ್ಲಿಗೂ ಹೊಂದಾಣಿಕೆ ಸರಿಯಾಗಿರಲಿಲ್ಲ. ರಸ್ತೆ ಒಬ್ಬರದು, ಹಳಿ ಇನ್ನೊಬ್ಬರದು, ಅವೆರಡು ಸೇರುವ ಆ ಕೆಲವು ಅಡಿ ಜಾಗಕ್ಕೆ ಯಾರೂ ಒಟ್ಟಾಗಿ ಕೂತು ಲೆಕ್ಕ ಹಾಕಿರಲಿಲ್ಲ. ಹಳಿಯ ಪಕ್ಕ ನಿಂತಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತದೆ. ನಿಮ್ಮೂರಿನಲ್ಲಿ ಕ್ರಾಸಿಂಗಿನ ಪಕ್ಕದಲ್ಲೇ ಟ್ರಾಫಿಕ್ ಸಿಗ್ನಲ್ ಇದ್ದರೆ ಎರಡರ ಹೊಂದಾಣಿಕೆಯನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ.

ಗೇಟಿಲ್ಲದ ಕಡೆ ಗೇಟು ಬೇಕೆಂದರೆ ದಾರಿ ಇದೆ. 1973ರಿಂದ ಫೆಡರಲ್ ಸರ್ಕಾರ ಕ್ರಾಸಿಂಗ್ ಸುರಕ್ಷತೆಗೆಂದೇ ರಾಜ್ಯಗಳಿಗೆ ಹಣ ಕೊಡುತ್ತಿದೆ. ‘ಸೆಕ್ಷನ್ 130’ ಎಂದು ಎಲ್ಲರೂ ಕರೆಯುವುದು ಇದನ್ನೇ. ಈಚೆಗೆ ವರ್ಷಕ್ಕೆ ಸುಮಾರು 24.5 ಕೋಟಿ ಡಾಲರ್. ಯಾವ ಕ್ರಾಸಿಂಗಿಗೆ ಮೊದಲು ಎಂಬುದನ್ನು ರಾಜ್ಯ ತೀರ್ಮಾನಿಸುತ್ತದೆ: ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಹಿಂದೆ ಎಷ್ಟು ಅಪಘಾತ, ಹಳಿ ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತದೆ. ಇಲ್ಲೊಂದು ಕ್ರೂರ ಲೆಕ್ಕವಿದೆ. ಸಾವಾಗದ ಕ್ರಾಸಿಂಗಿಗೆ ಅಂಕ ಕಡಿಮೆ. ಮಿಸೌರಿಯ ಮೆಂಡನ್ ಬಳಿಯ ಕ್ರಾಸಿಂಗ್ ಅಪಾಯದ್ದೆಂದು ಸುತ್ತಲಿನ ರೈತರು ಮೊದಲೇ ಹೇಳುತ್ತಿದ್ದರು. ಹಳಿಗೆ ಏರುವ ರಸ್ತೆ ಕಡಿದಾಗಿತ್ತು, ಗೇಟೂ ದೀಪವೂ ಇರಲಿಲ್ಲ. 2022ರ ಜೂನ್ 27ರಂದು ಆಮ್‌ಟ್ರಾಕ್‌ನ ಪ್ರಯಾಣಿಕರ ರೈಲು ಅಲ್ಲಿ ಟಿಪ್ಪರ್ ಲಾರಿಗೆ ಡಿಕ್ಕಿ ಹೊಡೆದು ಹಳಿ ತಪ್ಪಿತು. ನಾಲ್ವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆಮೇಲೆ ಆ ಕ್ರಾಸಿಂಗನ್ನು ಮುಚ್ಚಿದರು. ಮಿಸೌರಿ ಸರ್ಕಾರ ಇಂಥ ಕಡೆಗಳಿಗೆಂದು 5 ಕೋಟಿ ಡಾಲರ್ ಎತ್ತಿಟ್ಟಿತು.

ಆದ್ದರಿಂದ ಅಪಘಾತಕ್ಕೆ ಕಾಯದೆ ಬರೆಯಿರಿ. ‘ಗೇಟು ಬೇಕು’ ಎಂದಷ್ಟೇ ಬರೆದರೆ ಕಡತದಲ್ಲಿ ಮಲಗುತ್ತದೆ. ‘ಸ್ಥಳ ಪರಿಶೀಲನೆ ಮಾಡಿ’ ಎಂದು ಕೇಳಿ. ಆಗ ರಾಜ್ಯದವರು, ರೈಲು ಕಂಪನಿಯವರು, ರಸ್ತೆ ನೋಡಿಕೊಳ್ಳುವ ಕೌಂಟಿಯವರು ಮೂವರೂ ಒಟ್ಟಿಗೆ ಆ ಜಾಗಕ್ಕೆ ಬರುತ್ತಾರೆ. ಜೋಳ ಆಳೆತ್ತರ ಬೆಳೆದಾಗ ಹಳಿ ಕಾಣುವುದಿಲ್ಲ ಎಂದಾದರೆ ಆಗಸ್ಟಿನ ಫೋಟೊ ಲಗತ್ತಿಸಿ, ಅಧಿಕಾರಿಗಳು ಬರುವುದು ಮಾರ್ಚಿನಲ್ಲೂ ಆಗಬಹುದು. ಶಾಲಾ ಬಸ್ಸು ಆ ದಾರಿಯಲ್ಲಿ ಹೋಗುತ್ತದೆಯೇ, ಹಾಲಿನ ಟ್ಯಾಂಕರ್ ಹೋಗುತ್ತದೆಯೇ, ಬರೆಯಿರಿ.

ಪರಿಹಾರ ಕೇಳುವ ಮೊಕದ್ದಮೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದು ಬಹಳ ಜನರನ್ನು ದಿಗ್ಭ್ರಮೆಗೊಳಿಸುತ್ತದೆ. ಟೆನಸಿಯ ಒಂದು ಕ್ರಾಸಿಂಗಿನ ಪ್ರಕರಣದಲ್ಲಿ 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅಲ್ಲಿನ ಬೋರ್ಡುಗಳನ್ನು ಫೆಡರಲ್ ಹಣದಲ್ಲಿ ಹಾಕಿದ್ದರಿಂದ ‘ಎಚ್ಚರಿಕೆ ಸಾಲದಾಗಿತ್ತು’ ಎಂದು ರಾಜ್ಯ ಕಾನೂನಿನಡಿ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ ಎಂದಿತು. ಗೇಟಲ್ಲ, ಬರೀ ಕತ್ತರಿ ಬೋರ್ಡಿದ್ದರೂ ಸಾಕು, ಆ ದಾರಿ ಮುಚ್ಚಿತು. ವೇಗದ ಬಗೆಗಿನ ದೂರಿಗೆ 1993ರಲ್ಲೇ ಬಾಗಿಲು ಹಾಕಿದ್ದರು, ಅದು ಜಾರ್ಜಿಯಾದ ಪ್ರಕರಣ. ಗೇಟು ಕೆಟ್ಟಿತ್ತು, ಹಾರ್ನ್ ಹಾಕಲಿಲ್ಲ ಎಂಬಂಥ ದೂರುಗಳಿಗೆ ಇನ್ನೂ ಜಾಗವಿದೆ. ನಿಮ್ಮ ತಂದೆಯವರ ವಿಷಯದಲ್ಲಿ ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ಈ ಕಾನೂನನ್ನೇ ಅಭ್ಯಾಸ ಮಾಡಿದ ವಕೀಲರನ್ನು ಕಾಣಿ, ಸಾಮಾನ್ಯ ಅಪಘಾತದ ವಕೀಲರು ಸಾಲದು.

ಹಾರ್ನಿನ ಅರ್ಜಿಗೆ ಬರೋಣ. 2005ರ ಜೂನ್‌ನಿಂದ ಇದೂ ಫೆಡರಲ್ ನಿಯಮ. ಕ್ರಾಸಿಂಗಿಗೆ 15ರಿಂದ 20 ಸೆಕೆಂಡು ಮೊದಲು ಎರಡು ಉದ್ದ, ಒಂದು ಗಿಡ್ಡ, ಒಂದು ಉದ್ದ. ಅದಕ್ಕೂ ಮೊದಲು ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ಹಾರ್ನ್ ನಿಷೇಧಿಸಿದ್ದವು. ಫ್ಲಾರಿಡಾ 1984ರಲ್ಲಿ ರಾತ್ರಿ ಹಾರ್ನ್ ಬೇಡವೆನ್ನಲು ಊರುಗಳಿಗೆ ಅವಕಾಶ ಕೊಟ್ಟಿತು. ಪೂರ್ವ ಕರಾವಳಿಯ ಮಾರ್ಗದಲ್ಲಿ ಅಂಥ ಕಡೆ ರಾತ್ರಿ ಡಿಕ್ಕಿಗಳು ಹತ್ತಿರ ಹತ್ತಿರ ಮೂರು ಪಟ್ಟಾದವು. 1991ರಲ್ಲಿ ಕೇಂದ್ರ ತುರ್ತು ಆದೇಶ ಹೊರಡಿಸಿ ಹಾರ್ನನ್ನು ಮತ್ತೆ ತರಬೇಕಾಯಿತು. ಈಗ ಊರು ‘ಕ್ವೈಯೆಟ್ ಝೋನ್’, ಎಂದರೆ ವಾಡಿಕೆಯ ಹಾರ್ನ್ ಇಲ್ಲದ ವಲಯ, ಮಾಡಿಕೊಳ್ಳಬಹುದು, ಆದರೆ ಕನಿಷ್ಠ ಅರ್ಧ ಮೈಲಿ ಉದ್ದಕ್ಕೆ, ಅದರೊಳಗಿನ ಸಾರ್ವಜನಿಕ ಕ್ರಾಸಿಂಗ್‌ಗಳಿಗೆಲ್ಲ ಗೇಟು, ದೀಪ ಇರಬೇಕು. ಅದರ ಮೇಲೆ ಅಪಾಯದ ಲೆಕ್ಕ ತೂಗದಿದ್ದರೆ ನಾಲ್ಕೂ ಕಡೆ ಮುಚ್ಚುವ ಗೇಟು, ಗೇಟಿನ ಪಕ್ಕದಿಂದ ನುಗ್ಗಲಾಗದಂತೆ ರಸ್ತೆ ನಡುವೆ ತಡೆ, ಇಂಥವನ್ನು ಊರೇ ಹಣ ಹಾಕಿ ಮಾಡಿಸಬೇಕು. ಅರ್ಜಿಯಲ್ಲಿ ಈ ಕೆಲಸಗಳನ್ನೂ ಕೇಳಿದ್ದರೆ ಸಹಿ ಹಾಕಿ, ಅದರಿಂದ ಊರಿಗೆ ಒಳ್ಳೆಯದೇ. ಬರೀ ‘ಹಾರ್ನ್ ನಿಲ್ಲಿಸಿ’ ಎಂದಿದ್ದರೆ ಹಾಕಬೇಡಿ. ಹೊಲದ ನಡುವಿನ ಆ ಗೇಟಿಲ್ಲದ ಕ್ರಾಸಿಂಗಿನಲ್ಲಿ ಸದ್ಯ ನಿಮಗಿರುವ ರಕ್ಷಣೆ ಆ ಹಾರ್ನ್ ಒಂದೇ.

ಮತ್ತೆ ನಿಂತ ರೈಲಿಗೆ ಬರುತ್ತೇನೆ. ದಂಡ ಹಾಕಲಾಗದಿದ್ದರೂ ದಾಖಲೆ ಮಾಡಬಹುದು. ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಶನ್ 2019ರ ಡಿಸೆಂಬರ್‌ನಲ್ಲಿ ತಡೆದ ಕ್ರಾಸಿಂಗ್‌ಗಳ ದೂರು ಕೊಡಲು ಆನ್‌ಲೈನ್ ವ್ಯವಸ್ಥೆ ತೆರೆಯಿತು. ದೂರು ಕೊಟ್ಟ ಕೂಡಲೇ ರೈಲು ಕದಲುವುದಿಲ್ಲ. ಆದರೆ 2021ರ ಮೂಲಸೌಕರ್ಯ ಕಾಯ್ದೆ ಕ್ರಾಸಿಂಗ್‌ಗಳನ್ನೇ ಇಲ್ಲವಾಗಿಸಲು, ಎಂದರೆ ಮೇಲ್ಸೇತುವೆ, ಕೆಳಸೇತುವೆ ಕಟ್ಟಲು, ಐದು ವರ್ಷಕ್ಕೆ 300 ಕೋಟಿ ಡಾಲರ್ ಇಟ್ಟಿತು. ಖರ್ಚಿನ ಶೇಕಡ 80ರವರೆಗೆ ಕೇಂದ್ರ, ಮಿಕ್ಕ 20 ಊರು ಹೊಂದಿಸಬೇಕು. ಆ ಪಾಲಿಗೆ ನೆರವಾಗಲು ಒಹಾಯೊ ಕೂಡ ಹಣ ಮೀಸಲಿಟ್ಟಿತು. ಇಂಥ ಹಣಕ್ಕೆ ನಿಮ್ಮೂರು ಅರ್ಜಿ ಹಾಕುವಾಗ ಎಷ್ಟು ಸಲ, ಎಷ್ಟು ಹೊತ್ತು, ಆಂಬುಲೆನ್ಸ್ ಎಷ್ಟು ಸಲ ಸುತ್ತಿಕೊಂಡು ಹೋಯಿತು ಎಂಬ ದಾಖಲೆ ಇದ್ದರೆ ಮಾತಿಗೆ ತೂಕ ಬರುತ್ತದೆ. ಇಂಡಿಯಾನದ ಹ್ಯಾಮಂಡ್‌ನಲ್ಲಿ ನಿಂತ ರೈಲಿನ ಕೆಳಗೆ ತೂರಿ ಮಕ್ಕಳು ಶಾಲೆಗೆ ಹೋಗುತ್ತಿದ್ದ ಚಿತ್ರಗಳು 2023ರಲ್ಲಿ ದೇಶವೆಲ್ಲ ಕಂಡವು. ಅಲ್ಲಿ ಮೇಲ್ಸೇತುವೆಗೆ ಇದೇ ಯೋಜನೆಯಿಂದ ಹಣ ಮಂಜೂರಾಯಿತು. ಸೇತುವೆ ಬರಲು ವರ್ಷಗಳು ಹಿಡಿಯುತ್ತವೆ. ಅಷ್ಟರೊಳಗೆ ಹಳಿಯ ನಿಮ್ಮ ಕಡೆ ಒಂದು ಆಂಬುಲೆನ್ಸ್ ಇಡಿ ಎಂದು ಕೌನ್ಸಿಲ್ ಸಭೆಯಲ್ಲಿ ನಿಂತು ಕೇಳಿ. ಅದಕ್ಕೆ ಯಾವ ಫೆಡರಲ್ ಕಾಯ್ದೆಯೂ ಅಡ್ಡ ಬರುವುದಿಲ್ಲ.

ನಿಮ್ಮ ಮಗಳಿಗೆ ಎರಡು ಮಾತು ಹೇಳಿಕೊಡಿ. ನಿಂತ ರೈಲಿನ ಕೆಳಗೆ, ಬೋಗಿಗಳ ನಡುವೆ ಎಂದೂ ತೂರಬಾರದು, ಶಾಲೆಗೆ ತಡವಾದರೆ ಆಗಲಿ. ಗೂಡ್ಸ್ ರೈಲು ಮುನ್ಸೂಚನೆ ಕೊಟ್ಟು ಹೊರಡುವುದಿಲ್ಲ, ಇಂಜಿನ್ ಒಂದು ಮೈಲಿ ಆಚೆ ಇರುತ್ತದೆ, ಚಾಲಕನಿಗೆ ನಿಮ್ಮ ಕ್ರಾಸಿಂಗ್ ಕಾಣುವುದೇ ಇಲ್ಲ. ಇನ್ನೊಂದು, ಕಾರು ಹಳಿಯ ಮೇಲೆ ಕೆಟ್ಟು ನಿಂತರೆ ಎಲ್ಲರೂ ಇಳಿದು, ಹಳಿಯಿಂದ ದೂರ, ಆದರೆ ರೈಲು ಬರುವ ದಿಕ್ಕಿಗೆ ಓರೆಯಾಗಿ ಓಡಬೇಕು. ಡಿಕ್ಕಿಯಾದರೆ ಚೂರುಗಳು ಸಿಡಿಯುವುದು ರೈಲು ಹೋಗುವ ದಿಕ್ಕಿಗೆ.

ಆಮೇಲೆ ಫೋನ್. ಕ್ರಾಸಿಂಗಿನ ಕಂಬದಲ್ಲಿ ಅಥವಾ ಸಿಗ್ನಲ್ ಪೆಟ್ಟಿಗೆಯ ಮೇಲೆ ಒಂದು ಪುಟ್ಟ ನೀಲಿ ಬೋರ್ಡಿರುತ್ತದೆ. ಅದರಲ್ಲಿ ರೈಲು ಕಂಪನಿಯ ತುರ್ತು ಸಂಖ್ಯೆ, ಜೊತೆಗೆ ಆರು ಅಂಕಿ ಮತ್ತು ಒಂದು ಅಕ್ಷರದ ಗುರುತು. ದೇಶದಲ್ಲಿ ಆ ಗುರುತು ನಿಮ್ಮ ಕ್ರಾಸಿಂಗ್ ಒಂದಕ್ಕೇ. ಗೇಟು ಕೆಟ್ಟರೆ, ಕಾರು ಸಿಕ್ಕಿಕೊಂಡರೆ, ಹಳಿಯ ಮೇಲೆ ಮರ ಬಿದ್ದರೆ ಆ ಸಂಖ್ಯೆಗೆ ಮೊದಲು ಕರೆ ಮಾಡಿ, ಆಮೇಲೆ ಪೊಲೀಸ್, ಆಂಬುಲೆನ್ಸಿನ ತುರ್ತು ಸಂಖ್ಯೆ 911ಕ್ಕೆ. ರೈಲನ್ನು ನಿಲ್ಲಿಸಬಲ್ಲವರು ಇರುವುದು ಆ ಮೊದಲ ಸಂಖ್ಯೆಯ ಆಚೆ. ಆನ್‌ಲೈನ್ ದೂರಿಗೂ, ಕಮಿಷನ್ನಿಗೆ ಬರೆಯುವ ಅರ್ಜಿಗೂ ಇದೇ ಗುರುತು ಬೇಕು. ಈ ಶನಿವಾರ ಎರಡೂ ಕ್ರಾಸಿಂಗ್‌ಗಳಿಗೆ ಹೋಗಿ ಆ ನೀಲಿ ಬೋರ್ಡಿನ ಫೋಟೊ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಟ್ಟುಕೊಳ್ಳಿ, ನಿಮ್ಮ ತಂದೆಯವರ ಫೋನಿನಲ್ಲೂ.